ಮೇಷ್ಟ್ರ ಹ್ಯಾಂಡ್ ಬ್ರೇಕು

ಆ ಕೆಂಪು ದೀಪ ಮೊದಲ ಸಲ ಕಾಣಿಸಿಕೊಂಡದ್ದು ಒಂದು ಬುಧವಾರ ಬೆಳಗ್ಗೆ, ಮನೆಯವರೆಲ್ಲ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಓಡಾಡುವ ಹೊತ್ತಿನಲ್ಲಿ. ಅಡುಗೆಮನೆಯಲ್ಲಿ ಅತ್ತೆ ಗಂಜಿಯನ್ನೂ ಬೇಯಿಸಿದ ತರಕಾರಿಯನ್ನೂ ಕ್ಯಾರಿಯರಿಗೆ ತುಂಬುತ್ತಿದ್ದರು. ಮಗಳು ಒಂದೇ ಕಾಲಿಗೆ ಸಾಕ್ಸು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಕುಂಟುತ್ತಿದ್ದಳು. ಗಂಡ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಚಹಾ ಎಲ್ಲಿ ಎಂದು ಕೇಳುತ್ತಿದ್ದ. ಸೊಸೆ ಮಾತ್ರ ಬೀದಿಗೆ ಅಂಟಿದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ಯಾವುದೋ ಶಾಲೆಯ ಲಂಗಗಳಿಗೆ ಸೊಂಟಪಟ್ಟಿ ಕೂರಿಸುತ್ತಿದ್ದಳು. ಆಗ ಹೊರಗಿನಿಂದ ಮಾವನ ಗುಡುಗು ಕೇಳಿಸಿತು.

"ನನ್ನ ಕಾರನ್ನ ಯಾರು ಮುಟ್ಟಿದ್ದು?"

ಯಾರೂ ಮುಟ್ಟಿರಲಿಲ್ಲ. ಮುಟ್ಟುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಬ್ರೇಕಿನ ದೀಪ ಹತ್ಕೊಂಡಿದೆ. ಆರ್ತಾನೇ ಇಲ್ಲ."

"ನಿನ್ನ ನೋಡಿ ಕಾರಿಗೂ ಸಿಟ್ಟು ಬಂದಿರ್ಬೇಕು ತಾತ, ಕಣ್ಣು ಕೆಂಪಗೆ ಮಾಡ್ಕೊಂಡಿದೆ," ಎಂದಳು ಮಗಳು, ಕಿಟಕಿಯಿಂದ ಇಣುಕಿ.

"ನೀನು ಮೊದಲು ಎರಡನೇ ಕಾಲಿಗೆ ಸಾಕ್ಸ್ ಹುಡುಕು. ಆಮೇಲೆ ಕಾರಿನ ಕಣ್ಣು ನೋಡುವಿಯಂತೆ."

ಊರಲ್ಲಿ ಮಾವನಿಗೆ ಕ್ಲಚ್ ಮೇಷ್ಟ್ರು ಎಂದು ಹೆಸರು. ನಲವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿದವರು. ರಸ್ತೆಯಲ್ಲಿ ಓಡಾಡುವ ಅರ್ಧ ಊರಿಗೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿಕೊಟ್ಟವರು. ಉಳಿದರ್ಧ ಊರಿಗೆ ಆ ಅರ್ಧ ಊರು ಕಲಿಸಿತು. ಎಂಟು ವರ್ಷದ ಹಿಂದೆ ಶಾಲೆ ಮುಚ್ಚಿದಾಗ ಕೊನೆಯ ಕಾರನ್ನು ಮಾತ್ರ ಮನೆಗೆ ತಂದುಕೊಂಡಿದ್ದರು. ಬಾಗಿಲ ಮೇಲಿನ ಅಕ್ಷರ ಕಿತ್ತಿದ್ದರೂ, ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಅಕ್ಷರ ಇದ್ದ ಜಾಗವೇ ಅಕ್ಷರವಾಗಿ ಉಳಿದಿತ್ತು. ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಮೇಷ್ಟ್ರ ಕ್ಲಚ್ಚು, ಮೇಷ್ಟ್ರ ಬ್ರೇಕು ಹಾಗೇ ಇದ್ದವು. ಅಲ್ಲಿ ಕೂತವರೆಲ್ಲ ಮೊಣಕಾಲು ಒತ್ತಟ್ಟಿಗೆ ಮಡಿಸಿಕೊಂಡು, ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ಕೂತಂತೆ ಕೂರಬೇಕಿತ್ತು.

ಮೇಷ್ಟ್ರ ಶಾಲೆಗೆ ಒಂದು ಕಾನೂನಿತ್ತು. ಮೊದಲ ದಿನವೇ ಶಿಷ್ಯನಿಗೆ ಹೇಳಿಬಿಡುತ್ತಿದ್ದರು: "ಸ್ಟಿಯರಿಂಗು ನಿಂದು, ಗೇರು ನಿಂದು, ಪೆಡಲು ನಿಂದು. ಹ್ಯಾಂಡ್ ಬ್ರೇಕು ಮಾತ್ರ ನಂದು. ಅದಕ್ಕೆ ಕೈ ಹಾಕಿದ್ರೆ ಇಳಿಸಿ ಮನೆಗೆ ನಡೆಸ್ತೀನಿ." ಏರಿನಲ್ಲಿ ನಿಂತರೆ ಅವರೇ ಎಳೆಯುವರು, ಹೊರಡುವಾಗ ಅವರೇ ಇಳಿಸುವರು. ಹೀಗೆ ಕಲಿತ ಶಿಷ್ಯರಿಗೆ ಜನ್ಮದಲ್ಲಿ ಹ್ಯಾಂಡ್ ಬ್ರೇಕಿನ ಅಭ್ಯಾಸವೇ ಆಗಲಿಲ್ಲ. ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರದ ಹಿಂದೆ ಒಂದು ಕಲ್ಲಿಟ್ಟು ಹೋಗಿಬಿಡುವರು. "ಕಲ್ಲಿಟ್ಟ ಕಾರು ಕಂಡ್ರೆ ನಮ್ಮಪ್ಪನ ಶಿಷ್ಯನದ್ದೇ," ಎಂದು ಗಂಡ ನಗುತ್ತಿದ್ದ. ಅವನೂ ಕಲ್ಲಿನ ಗಿರಾಕಿಯೇ.

ಬುಧವಾರ ಮತ್ತು ಶನಿವಾರ ಮಾವ ಅತ್ತೆಯನ್ನು ಊರಿನ ಆ ತುದಿಗೆ ಕರೆದೊಯ್ಯುತ್ತಿದ್ದರು. ನೀರಿನ ಟ್ಯಾಂಕಿನ ಗುಡ್ಡದ ಮೇಲೆ ಅತ್ತೆಯ ಅಕ್ಕನ ಮನೆ. ಹಾಸಿಗೆ ಹಿಡಿದ ಜೀವ. ಅವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಬಟ್ಟೆ ಒಗೆದು ಹಾಕಿ ಬರುವುದು ಅತ್ತೆಯ ಕೆಲಸ. ಗುಡ್ಡಕ್ಕೆ ಬಸ್ಸು ಹತ್ತುವುದಿಲ್ಲ, ಅತ್ತೆಯ ಮೊಣಕಾಲು ಮೊದಲೇ ಹತ್ತುವುದಿಲ್ಲ. ಹಾಗಾಗಿ ಆ ಕಾರು ಆ ಮನೆಗೆ ಬರೀ ಕಾರಾಗಿರಲಿಲ್ಲ.

ಮೊದಲ ಬುಧವಾರದ ದೀಪ ಶನಿವಾರವೂ ಹತ್ತಿತು. ಭಾನುವಾರ ಗಂಡ ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿಬಂದ.

"ಎಲ್ಲಿದೆ ದೀಪ? ನನಗಂತೂ ಕಾಣ್ಲಿಲ್ಲ."

"ನಿನ್ನೆ ಪೂರ್ತಿ ಉರೀತಿತ್ತು ಕಣೋ."

"ಅಪ್ಪ, ನೀವು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿರಬೇಕು."

 ಕ್ಲಚ್ ಮೇಷ್ಟ್ರಿಗೆ ಯಾರಾದರೂ ಹೀಗೆ ಹೇಳುವುದೆಂದರೆ, ಸೊಸೆಗೆ ಸೂಜಿಗೆ ದಾರ ಪೋಣಿಸಲು ಹೇಳಿಕೊಟ್ಟಂತೆ.

"ನಿನಗೆ ಬ್ರೇಕು ಎಲ್ಲಿದೆ ಅಂತ ತೋರಿಸಿದ್ದು ಯಾರೋ?"

"ನೀವೇ. ಅದಕ್ಕೇ ಹೇಳ್ತಿರೋದು."

"ದೀಪಕ್ಕೂ ತಾತನ ಕಂಡ್ರೇ ಪ್ರೀತಿ, ಅಪ್ಪನ ಮುಖ ನೋಡಿದ್ರೆ ಆರಿಹೋಗುತ್ತೆ," ಎಂದಳು ಮಗಳು. ಯಾರೂ ನಗಲಿಲ್ಲ. ಅವಳೇ ಸ್ವಲ್ಪ ನಕ್ಕಳು.

ಸೋಮವಾರ ಮಾವ ಕಾರನ್ನು ಗ್ಯಾರೇಜಿಗೆ ಒಯ್ದರು. ದಾರದ ಅಂಗಡಿಗೆ ಹೋಗಬೇಕಿದ್ದ ಸೊಸೆಯೂ ಜೊತೆಗೆ ಹೋದಳು. ಗ್ಯಾರೇಜಿನವನು ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಅವನೂ ಮೇಷ್ಟ್ರ ಶಿಷ್ಯನೇ. ಮೇಷ್ಟ್ರನ್ನು ಕಂಡೊಡನೆ ಬಾಯಲ್ಲಿದ್ದುದನ್ನು ನುಂಗಿ, ಕೈ ಒರೆಸಿಕೊಂಡು, ಇದ್ದೊಂದು ಸ್ಟೂಲನ್ನು ಅವರಿಗೆ ಸರಿಸಿದ. ತಾನೇ ಕಾರು ಹತ್ತಿ ಒಳಗೆ ತಂದು ನಿಲ್ಲಿಸಿಕೊಂಡ.

"ದೀಪ ಹತ್ತಿಲ್ವಲ್ಲ ಮೇಷ್ಟ್ರೇ?"

"ನಾನು ಬರುವಾಗ ಹತ್ತಿತ್ತು."

"ನೋಡೋಣ ಬಿಡಿ. ಈ ದೀಪಕ್ಕೆ ಮೂರು ಜನ ಯಜಮಾನರು. ಬ್ರೇಕ್ ಆಯಿಲ್ ಕಮ್ಮಿ ಆದ್ರೆ ಹತ್ತುತ್ತೆ. ಎಲ್ಲಾದ್ರೂ ವೈರು ತಾಗಿದ್ರೆ ಹತ್ತುತ್ತೆ. ಇನ್ನು ಮೂರನೇದು..." ಅವನು ಹಲ್ಲು ಕಿರಿದು ತಲೆ ಕೆರೆದುಕೊಂಡ. "ಮೂರನೇದನ್ನ ನಿಮಗೆ ನಾನು ಹೇಳೋದಾ?"

"ಏನು ಮೂರನೇದು?" ಎಂದು ಕೇಳಿದಳು ಸೊಸೆ.

"ಅಯ್ಯೋ ಬಿಡಿ ಅಕ್ಕಾ, ಅದು ಹೊಸಬರಿಗೆ. ನಮ್ಮ ಮೇಷ್ಟ್ರ ಹತ್ರ ಅದನ್ನ ಕೇಳಿದ್ರೆ ಇವತ್ತೂ ಇಳಿಸಿ ನಡೆಸ್ತಾರೆ!"

ಮೇಷ್ಟ್ರೂ ನಕ್ಕರು. ಗ್ಯಾರೇಜಿನವನು ಬಾನೆಟ್ಟು ಎತ್ತಿ ಆಯಿಲ್ ಡಬ್ಬಿಯ ಗೆರೆ ನೋಡಿದ. ಸರಿಯಾಗಿತ್ತು. ಅದರ ಮುಚ್ಚಳದ ವೈರು ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದ. ನಾಲ್ಕು ಚಕ್ರವನ್ನೂ ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿದ. ಎರಡು ಗಂಟೆ ಹೊತ್ತಿನ ಮೇಲೆ, "ಏನೂ ಇಲ್ಲ ಮೇಷ್ಟ್ರೇ, ವೈರು ಎಲ್ಲೋ ಆಟ ಆಡ್ತಿತ್ತು, ಸರಿ ಮಾಡಿದೀನಿ," ಎಂದು ಕೀಲಿ ಕೊಟ್ಟ. ಮನೆಗೆ ಬರುವವರೆಗೂ ದೀಪ ಹತ್ತಲಿಲ್ಲ. ಬುಧವಾರ ಬೆಳಗ್ಗೆ ಹತ್ತಿತು.

ಆ ವಾರವೇ ಮಾವ ಒಂದು ಅಂಗಿ ತಂದು ಹೊಲಿಗೆ ಯಂತ್ರದ ಮೇಲಿಟ್ಟರು.

"ಇದರ ಗುಂಡಿ ಬದಲಾಯಿಸಿಕೊಡಮ್ಮ. ದೊಡ್ಡದು ಹಾಕು. ಈ ಕನ್ನಡಕದಲ್ಲಿ ಸಣ್ಣ ಗುಂಡಿ ಕಾಣೋದೇ ಇಲ್ಲ."

ಅವಳು ದೊಡ್ಡ ಗುಂಡಿ ಹಾಕಿಕೊಟ್ಟಳು. ಎರಡು ದಿನ ಬಿಟ್ಟು ಅದೇ ಅಂಗಿ ವಾಪಸು ಬಂತು. "ಕಾಜ ಬಿಗಿ ಆಯ್ತು. ಆ ಒತ್ತೋ ಗುಂಡಿ ಇರುತ್ತಲ್ಲ, ಟಪ್ ಅಂತ ಕೂರುತ್ತಲ್ಲ, ಅದು ಹಾಕು." ಅವಳು ಒತ್ತುವ ಗುಂಡಿ ಹಾಕಿದಳು. ಅದೂ ವಾಪಸು ಬಂತು. "ಇದು ಇನ್ನೂ ಕೆಟ್ಟದು."

"ಕಣ್ಣಿಗೆ ಕಾಣದಿದ್ರೂ ಇದು ಕೈಗೆ ಸಿಗುತ್ತಲ್ಲ ಮಾವ?"

"ಕೈಗೆ ಸಿಕ್ಕಿದ್ರೆ ಆಯ್ತಾ? ಬೇಡ ಅಂದ್ರೆ ಬೇಡ. ಕೊಕ್ಕೆ ಹಾಕು."

"ಗಂಡಸರ ಅಂಗಿಗೆ ಕೊಕ್ಕೆನಾ?"

"ಯಾರು ಬಂದು ನೋಡ್ತಾರೆ ನನ್ನ ಎದೆನಾ?"

ಅವಳು ಕೊಕ್ಕೆ ಹಾಕಿದಳು. ಕಣ್ಣಿನ ತೊಂದರೆಯವರಿಗೆ ಕೊಕ್ಕೆಗಿಂತ ಕಷ್ಟದ್ದು ಇನ್ನೊಂದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಲಂಗಗಳ ರಾಶಿ ಮುಂದಿದ್ದುದರಿಂದ ಆ ಯೋಚನೆಯನ್ನು ದಾರದುಂಡೆಯ ಹಾಗೆ ಪಕ್ಕಕ್ಕೆ ಎತ್ತಿಟ್ಟಳು.

ಮೂರನೇ ವಾರದ ಶನಿವಾರ ಮಧ್ಯಾಹ್ನ ಮನೆಯ ಮುಂದೆ ಕಾರು ನಿಂತ ಸದ್ದಾಯಿತು, ಹಿಂದೆಯೇ ಸುಟ್ಟ ವಾಸನೆ ಬಂತು. ಅತ್ತೆ ಒಳಗೆ ಬಂದವರೇ ಮೂಗು ಮುಚ್ಚಿಕೊಂಡರು.

"ಇಸ್ತ್ರಿಪೆಟ್ಟಿಗೆ ಆರಿಸಿದೀಯೇನಮ್ಮ? ಬಟ್ಟೆ ಸೀದು ಹೋಗ್ತಿದೆ ನೋಡು!"

"ನಾನಿವತ್ತು ಇಸ್ತ್ರಿ ಮುಟ್ಟೇ ಇಲ್ಲ ಅತ್ತೆ. ವಾಸನೆ ನಿಮ್ಮ ಜೊತೇಲೇ ಬಂತು."

ಅತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು. ಕೈಯಲ್ಲಿದ್ದ ಖಾಲಿ ಕ್ಯಾರಿಯರು ಸಣ್ಣಗೆ ಗಲಗಲ ಎನ್ನುತ್ತಿತ್ತು. 

"ಗುಡ್ಡ ಇಳೀವಾಗ ಬ್ರೇಕು ಹಿಡೀಲೇ ಇಲ್ಲ ಕಣೇ. ಇವರು ಒತ್ತಿದ್ರು, ಒತ್ತಿದ್ರು, ಕಾಲು ನೆಲಕ್ಕೆ ಹೋಯ್ತು. ಗೇರು ಅದೇನೇನೋ ಮಾಡಿ, ಗರ್ ಗರ್ ಅಂತ ನಿಲ್ಲಿಸಿದ್ರು. ಮುಂದೆ ಒಂದು ತರಕಾರಿ ಗಾಡಿ. ಆ ಗಾಡಿಯವಳು ನನ್ನನ್ನ ನೋಡಿದ್ಲು, ನಾನು ಅವಳನ್ನ ನೋಡಿದೆ. ಮಧ್ಯೆ ಒಂದು ಕುಂಬಳಕಾಯಿ ಇಡೋಷ್ಟು ಜಾಗ."

ಸೊಸೆ ಹೊರಗೆ ಹೋಗಿ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದಳು. ಮುಟ್ಟಬೇಕಾಗಿರಲಿಲ್ಲ, ಕಾದ ಹೆಂಚಿನ ಹಾಗೆ ಕಾವು ಬಡಿಯುತ್ತಿತ್ತು. ಮಾವ ಇನ್ನೂ ಸ್ಟಿಯರಿಂಗಿನ ಹಿಂದೆ ಕೂತೇ ಇದ್ದರು. ಇಳಿಯಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ.

ಸಂಜೆ ಗಂಡ ತನ್ನ ಔಷಧದ ಅಂಗಡಿಯಿಂದ ಬಂದ. ಸುದ್ದಿ ಕೇಳಿದ. ಊಟಕ್ಕೆ ಕೂತಾಗ ತಟ್ಟೆ ಮುಟ್ಟಲಿಲ್ಲ.

"ಇನ್ನು ಸಾಕು. ಔಷಧಿಗಿದ್ದ ಹಾಗೆ ಕಾರಿಗೂ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ. ಇದರದ್ದು ಮುಗಿದು ಎಷ್ಟೋ ವರ್ಷ ಆಯ್ತು."

"ಗ್ಯಾರೇಜಿನವನು ಮತ್ತೆ ನೋಡ್ತಾನಂತೆ. ಆಯಿಲ್ ಹಳೇದಾಗಿರ್ಬೇಕು, ಬದಲಾಯಿಸಿದ್ರೆ ಸರಿಹೋಗುತ್ತೆ ಅಂದ," ಎಂದರು ಮಾವ.

"ಅವನು ನಿಮ್ಮ ಶಿಷ್ಯ. ಚಕ್ರವೇ ಬಿದ್ದುಹೋದ್ರೂ 'ಸರಿ ಮಾಡಿದೀನಿ ಮೇಷ್ಟ್ರೇ' ಅಂತಾನೆ. ಮುಂದಿನ ಭಾನುವಾರ ಗುಜರಿಯವನಿಗೆ ಬರೋಕೆ ಹೇಳಿದೀನಿ, ಹತ್ತು ಗಂಟೆಗೆ."

"ನನ್ನ ಕೇಳದೇನಾ?"

"ಕೇಳಿದ್ರೆ ಏನಂತಿದ್ರಿ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಮಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅತ್ತೆ, "ಅನ್ನ ಹಾಗೇ ಇದೆಯಲ್ರೀ," ಎಂದದ್ದು ಅವರ ಬೆನ್ನಿಗೆ ತಾಗಿ ವಾಪಸು ಬಂತು.

ಗ್ಯಾರೇಜಿನವನು ಆಯಿಲ್ ಬದಲಾಯಿಸಿದ. ಓಡಿಸಿ ನೋಡಿದ. ದೀಪ ಹತ್ತಲಿಲ್ಲ, ಬ್ರೇಕು ಕಲ್ಲಿನಂತೆ ನಿಂತಿತು. ಬುಧವಾರ ಅತ್ತೆ ಕಾರು ಹತ್ತಲು ಒಪ್ಪದೆ ದುಬಾರಿ ಬಾಡಿಗೆ ತೆತ್ತು ಗಾಡಿಯಲ್ಲಿ ಹೋಗಿಬಂದರು. ಶುಕ್ರವಾರ ಬೆಳಗ್ಗೆ ಮಾವ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತರು.

"ಒಂದು ಕೆಲಸ ಇತ್ತಮ್ಮ. ಕಾರಿನ ಮುಂದಿನ ಹಲಗೆಗೆ ಒಂದು ಹೊದಿಕೆ ಹೊಲಿದುಕೊಡು. ಧೂಳು ಕೂತು ಹಾಳಾಗಿದೆ. ಸ್ಪೀಡಿನ ಮುಳ್ಳು ಕಾಣೋಷ್ಟು ಕಿಟಕಿ ಬಿಟ್ರೆ ಸಾಕು, ಉಳಿದದ್ದೆಲ್ಲ ಮುಚ್ಚು."

"ಭಾನುವಾರ ಮಾರೋ ಕಾರಿಗೆ ಹೊದಿಕೆ ಯಾಕೆ ಮಾವ?"

"ಯಾರು ಮಾರೋದು? ಮೊದಲು ಅಳತೆ ತಗೋ ಬಾ."

ಅವಳು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಹೋದಳು. ಪಕ್ಕದ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂತಾಗ ಹನ್ನೆರಡು ವರ್ಷದ ಹಿಂದಿನದೆಲ್ಲ ನೆನಪಾಯಿತು. ಮದುವೆಯಾಗಿ ಬಂದು ಆರು ವರ್ಷ ಆಗಿತ್ತು ಆಗ. ಮಾವನೇ ಕಲಿಸಿದ್ದರು, ಲೈಸೆನ್ಸೂ ಮಾಡಿಸಿದ್ದರು. ಆದರೆ ಒಂದು ದಿನ ನಡುರಸ್ತೆಯಲ್ಲಿ ಮೂರು ಸಲ ಗಾಡಿ ನಿಂತಾಗ, "ನೀನು ಕಾರು ಓಡಿಸ್ತಿಲ್ಲಮ್ಮ, ಕಚ್ಚಾ ಹೊಲಿಗೆ ಹಾಕ್ತಿದೀಯ. ನಾಲ್ಕು ಮಾರಿಗೊಂದು ಗಂಟು," ಎಂದಿದ್ದರು. ಹಿಂದಿನ ಸೀಟಿನಲ್ಲಿದ್ದ ಇನ್ನಿಬ್ಬರು ಶಿಷ್ಯರು ಹೊಟ್ಟೆ ಹಿಡಿದು ನಕ್ಕಿದ್ದರು. ಅಂದಿನಿಂದ ಆ ಲೈಸೆನ್ಸು ಸೂಜಿ ಡಬ್ಬಿಯ ತಳದಲ್ಲಿತ್ತು.

"ಎಂಜಿನ್ ಶುರು ಮಾಡ್ತೀನಿ, ಯಾವ ಮುಳ್ಳು ಎಲ್ಲಿಯವರೆಗೆ ಆಡುತ್ತೆ ನೋಡ್ಕೋ," ಎಂದರು ಮಾವ. ಕೀಲಿ ತಿರುಗಿಸಿದರು. ಹಲಗೆಯ ಮೇಲೆ ದೀಪಗಳೆಲ್ಲ ಹತ್ತಿ, ಒಂದೊಂದಾಗಿ ಆರಿದವು. ಕೆಂಪು ದೀಪ ಉಳಿಯಿತು. ಹ್ಯಾಂಡ್ ಬ್ರೇಕು ಎಳೆದಿತ್ತಲ್ಲ, ಅದು ಸರಿಯೇ. ಮಾವ ಕೈ ಹಾಕಿ ಅದನ್ನು ಇಳಿಸಿದರು. ದೀಪ ಹಾಗೇ ಇತ್ತು.

"ನೋಡಿದ್ಯಾ? ಸುಳ್ಳು ಹೇಳೋ ದೀಪ. ಇದನ್ನ ನೋಡ್ತಾ ಕೂತ್ರೆ ರಸ್ತೆ ನೋಡೋದು ಯಾವಾಗ? ಈ ಮೂಲೆ ಪೂರ್ತಿ ಮುಚ್ಚಿಬಿಡು."

ಸೊಸೆ ದೀಪ ನೋಡಲಿಲ್ಲ. ಟೇಪಿನ ತುದಿ ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳಲು ಬಗ್ಗಿದ್ದಳು. ಅವಳ ಮುಖದ ಪಕ್ಕದಲ್ಲೇ ಮಾವನ ಕೈ ಇತ್ತು. ಹ್ಯಾಂಡ್ ಬ್ರೇಕಿನ ತುದಿಯ ಗುಂಡಿಯ ಮೇಲೆ ಹೆಬ್ಬೆರಳು. ಬೆರಳ ಬುಡದ ಗಂಟು ಅಡಿಕೆಯಷ್ಟು ಊದಿತ್ತು. ಹೆಬ್ಬೆರಳು ಒತ್ತುತ್ತಿತ್ತು, ಉಗುರು ಬೆಳ್ಳಗಾಗಿತ್ತು, ಗುಂಡಿ ಅರ್ಧಕ್ಕೇ ನಿಂತಿತ್ತು.

ಗುಂಡಿ. ಸಣ್ಣ ಗುಂಡಿ ಬೇಡ, ಒತ್ತೋ ಗುಂಡಿ ಬೇಡ.

 ಅವಳು ಟೇಪು ಹಿಡಿದಿದ್ದ ಕೈಯನ್ನೇ ಚಾಚಿ, ಬ್ರೇಕಿನ ಸನ್ನೆಗೋಲನ್ನು ಒಂಚೂರು ಮೇಲೆತ್ತಿ, ಹಗಲೆಲ್ಲ ಕತ್ತರಿ ಹಿಡಿದು ಗಟ್ಟಿಯಾದ ತನ್ನ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಅವಳಿಗೂ ಅದು ಬಿಗಿಯಾಗಿಯೇ ಇತ್ತು. ಟಕ್ ಎಂದು ಸನ್ನೆ ಒಳಗಿನ ಹಲ್ಲುಚಕ್ರದಲ್ಲಿ ಇನ್ನೊಂದು ಹಲ್ಲು ಕೆಳಗಿಳಿದು ಕೂತಿತು. ದೀಪ ಆರಿತು.

ಇಬ್ಬರೂ ಆ ಕಪ್ಪಾದ ಮೂಲೆಯನ್ನೇ ನೋಡುತ್ತ ಕೂತರು. ಎಂಜಿನ್ನು ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

"ಹ್ಯಾಂಡ್ ಬ್ರೇಕು ನಂದು ಅಂತ ಹೇಳಿದ್ದೆನಲ್ಲ," ಎಂದರು ಮಾವ.

"ಹೂಂ ಮಾವ."

ಅವರು ಮತ್ತೆ ಎಳೆದರು. ಕಟ, ಕಟ, ಕಟ. ಎಳೆಯುವುದಕ್ಕೆ ಗುಂಡಿ ಬೇಕಿಲ್ಲ, ತೋಳು ಸಾಕು. ಇಳಿಸಲು ನೋಡಿದರು. ಒಂದು ಹಲ್ಲು ಉಳಿಯಿತು. ದೀಪ ಉಳಿಯಿತು. ಎಡಗೈಯನ್ನೂ ಬಲಗೈಯನ್ನೂ ಒಂದರ ಮೇಲೊಂದು ಇಟ್ಟು ಒತ್ತಿದರು. ಆಗ ಇಳಿಯಿತು. ಎರಡೂ ಕೈ ಅಲ್ಲಿದ್ದರೆ ಸ್ಟಿಯರಿಂಗಿನ ಮೇಲೆ ಯಾವ ಕೈ?

"ನೀನಿನ್ನು ಹೋಗಮ್ಮ," ಎಂದರು.

ಆ ದಿನವೂ ಮರುದಿನವೂ ಮಾವ ಯಾರ ಜೊತೆಯೂ ಮಾತಾಡಲಿಲ್ಲ. ಸೊಸೆ ಹೊದಿಕೆಯ ಬಟ್ಟೆ ಕತ್ತರಿಸಿದಳು. ಶನಿವಾರ ಸಂಜೆ ಗಂಡ ಪೇಪರು ಓದುತ್ತಿದ್ದಾಗ ಅವಳು ಯಂತ್ರ ನಿಲ್ಲಿಸಿದಳು.

"ರೀ, ನಾಳೆ ಕಾರು ಕೊಡ್ಬೇಡಿ."

"ಯಾಕೆ?"

"ಕಾರಿಗೆ ಏನೂ ಆಗಿಲ್ಲ."

"ಮತ್ತೆ ದೀಪ ಯಾಕೆ ಹತ್ತುತ್ತೆ?"

ಅವಳು ಹಲ್ಲಿನಲ್ಲಿ ದಾರ ಕಡಿದಳು.

"ಗೊತ್ತಿದ್ರೆ ಹೇಳು."

"ಗೊತ್ತು. ಆದ್ರೆ ಹೇಳೋಳು ನಾನಲ್ಲ."

"ನನ್ನಮ್ಮ ಕೂತ್ಕೊಂಡು ಹೋಗೋ ಕಾರು ಅದು. ಒಗಟು ಹಾಕ್ಬೇಡ."

"ನಾಳೆ ಹತ್ತು ಗಂಟೆಯವರೆಗೆ ಟೈಮ್ ಕೊಡಿ. ಆಮೇಲೂ ಯಾರೂ ಬಾಯಿ ಬಿಡದಿದ್ರೆ ನಾನೇ ಹೇಳ್ತೀನಿ." ಇದನ್ನು ಅವಳು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಪಕ್ಕದ ಕೋಣೆಯಲ್ಲಿ ಮಾವನ ಮಂಚ ಕಿರ್ ಎಂದಿತು.

ಭಾನುವಾರ ಬೆಳಗ್ಗೆ ಐದೂ ಜನ ಮೇಜಿನ ಸುತ್ತ ಕೂತಿದ್ದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹಾ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಮಾವ ಜ್ಯಾಮಿನ ಬಾಟಲಿ ಎಳೆದುಕೊಂಡು ಮುಚ್ಚಳ ತಿರುಗಿಸಿದರು. ತಿರುಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಎಲ್ಲರಿಗೂ ಕಾಣುವ ಹಾಗೆ ನಿಧಾನವಾಗಿ, ಮೂರನೇ ಸಲ. ಆಮೇಲೆ ಬಾಟಲಿಯನ್ನು ಮಗನ ಮುಂದೆ ಇಟ್ಟರು.

"ತೆಗಿ."

ಮಗ ತೆಗೆದುಕೊಟ್ಟ.

"ಇಷ್ಟೇ ಕಣೋ ನಿನ್ನ ಕಾರಿನ ರೋಗ. ಹೆಬ್ಬೆರಳಲ್ಲಿ ಶಕ್ತಿ ಇಲ್ಲ. ಹ್ಯಾಂಡ್ ಬ್ರೇಕಿನ ಗುಂಡಿ ಪೂರ್ತಿ ಒತ್ತೋಕಾಗ್ತಿಲ್ಲ. ಒಂದು ಹಲ್ಲು ಮೇಲೇ ಉಳಿದುಬಿಡುತ್ತೆ. ಅದನ್ನೇ ದೀಪ ಹೇಳ್ತಿತ್ತು. ನೀನು ಪೂರ್ತಿ ಇಳಿಸಿದ್ದೆ, ಅದಕ್ಕೇ ನಿನಗೆ ದೀಪ ಕಾಣ್ಲಿಲ್ಲ. ನಲವತ್ತು ವರ್ಷ ಎಲ್ಲರಿಗೂ 'ಮೊದಲು ದೀಪ ನೋಡು' ಅಂತ ಬೈದೆ. ನನ್ನ ದೀಪ ನಾನು ನೋಡ್ಲಿಲ್ಲ."

"ಯಾವಾಗಿಂದ?"

"ಕೈನೋವು ಒಂದು ವರ್ಷದಿಂದ. ಇಷ್ಟೊಂದು ಆಗಿದೆ ಅಂತ ಗೊತ್ತಾಗಿದ್ದು ಮೊನ್ನೆ." ಅವರು ತಡೆದರು. "ಮೊನ್ನೆ ಅಂದ್ರೆ ಸುಳ್ಳಾಗುತ್ತೆ. ಗೊತ್ತಾಗೋದು ಬೇಡ ಅಂತಿದ್ದೆ."

"ಹಾಗಾದ್ರೆ ಅವತ್ತು ಇಳಿಜಾರಲ್ಲಿ..."

"ಬ್ರೇಕು ಎಳೆದೇ ಊರೆಲ್ಲ ಓಡಿಸಿದ್ರೆ ಕಾಯದೆ ಏನಾಗುತ್ತೆ? ಕಾದು ಕಾದು ಕೊನೆಗೆ ಕೈಬಿಡ್ತು. ಕಾರಿನ ತಪ್ಪಲ್ಲ."

ಅತ್ತೆ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದ್ದರು.

"ನಾನು ಹಿಂದೆ ಕೂತಿದ್ದೆ ಕಣ್ರೀ," ಎಂದರು ಮೆತ್ತಗೆ. ಅಷ್ಟೇ. ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ತೊಳೆಯಲು ಪಾತ್ರೆಯೇನೂ ಇರಲಿಲ್ಲ.

ಮಾವ ಜೇಬಿನಿಂದ ಕೀಲಿ ತೆಗೆದು ಮೇಜಿನ ನಡುವೆ ಇಟ್ಟರು. ಯಾರೂ ಮುಟ್ಟಲಿಲ್ಲ. ಆಗಲೇ ಹೊರಗೆ ಗುಜರಿಯವನ ಹಾರ್ನು ಕೇಳಿತು, ಹೇಳಿದ್ದಕ್ಕಿಂತ ಕಾಲು ಗಂಟೆ ಮೊದಲೇ.

"ಕಾರು ಕೊಡ್ಬೇಡ ಕಣೋ," ಅತ್ತೆಯ ದನಿ ಒಳಗಿನಿಂದ ಬಂತು. "ಕೊಟ್ಟುಬಿಟ್ರೆ ನನ್ನ ಅಕ್ಕನ ಹತ್ರ ನಿನ್ನ ಹೆಗಲ ಮೇಲೆ ಕೂತು ಹೋಗ್ಲಾ? ಇವರು ಓಡಿಸೋದು ಬೇಡ. ಆದ್ರೆ ಕಾರು ಇರ್ಲಿ."

"ಯಾರಮ್ಮ ಓಡಿಸೋರು? ನಾನು ಅಂಗಡಿ ಮುಚ್ಚಿ ಬರ್ಲಾ?"

"ನಾನು!" ಎಂದಳು ಮಗಳು.

"ನಿನಗೆ ಸಾಕ್ಸೇ ಸಿಗಲ್ಲ, ಲೈಸೆನ್ಸ್ ಎಲ್ಲಿಂದ ಬರ್ಬೇಕು?" ಅತ್ತೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. "ಸೊಸೆ ಹತ್ರ ಇದೆಯಲ್ಲ. ಸೂಜಿ ಡಬ್ಬೀಲಿ. ನಾನು ದಿನಾ ನೋಡ್ತೀನಿ."

"ಇವಳಾ?" ಎಂದರು ಮಾವ. ಮೂರು ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಮೇಷ್ಟ್ರು ಕಾಣಿಸಿಕೊಂಡರು.

"ಯಾಕೆ ಮಾವ? ಕಚ್ಚಾ ಹೊಲಿಗೆ ಹಾಕಿದ ಮೇಲೇ ಅಲ್ವಾ ಪಕ್ಕಾ ಹೊಲಿಗೆ ಹಾಕೋದು?"

ಮಗಳು ಚಪ್ಪಾಳೆ ತಟ್ಟಿದಳು. ಗಂಡ ಎದ್ದು ಹೊರಗೆ ಹೋಗಿ ಗುಜರಿಯವನ ಜೊತೆ ಏನೋ ಮಾತಾಡಿ ಬಂದ. "ಏನಂದ್ರಿ?" ಎಂದು ಸೊಸೆ ಕೇಳಿದರೆ, "ಡೇಟ್ ಸರಿಯಾಗಿ ಓದಿರ್ಲಿಲ್ಲ ಅಂದೆ," ಎಂದ.

ಎರಡು ವಾರ ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ಅಭ್ಯಾಸ ನಡೆಯಿತು. ಗ್ಯಾರೇಜಿನವನು ಗುಂಡಿಯ ಒಳಗೆ ಗ್ರೀಸು ಹಾಕಿಕೊಟ್ಟ. ದೀಪ ಹತ್ತಿಸಿದ್ದು ಆ ಮೂರನೇ ಯಜಮಾನ, ಹ್ಯಾಂಡ್ ಬ್ರೇಕೇ, ಎಂದು ತಿಳಿದಾಗ ಅವನ ಮುಖ ಬಾಡಿತು. "ಕೇಳ್ಬೇಕಿತ್ತು ಮೇಷ್ಟ್ರೇ, ಬಾಯೇ ಬರ್ಲಿಲ್ಲ," ಎಂದ. ಡಾಕ್ಟರು ಮಾವನ ಎರಡು ಹೆಬ್ಬೆರಳಿಗೂ ಒಂದೊಂದು ಪಟ್ಟಿ ಕೊಟ್ಟರು. ಅದು ಒರಟಾಯಿತೆಂದು ಸೊಸೆ ಮೆತ್ತನೆ ಬಟ್ಟೆಯ ಒಳಪದರ ಹೊಲಿದುಕೊಟ್ಟಳು. ಅತ್ತೆ ಮಾವನ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದರು. ಐದನೇ ದಿನ ಅವರ ಅಂಗಿಯ ಕೊಕ್ಕೆ ತಾವೇ ಹಾಕಿಕೊಡುತ್ತ, "ಬಾಯಿಬಿಟ್ಟು ಹೇಳೋಕೆ ಹೆಬ್ಬೆರಳು ಬೇಕಿತ್ತೇನ್ರೀ?" ಎಂದರು.

ಆ ಎರಡು ವಾರ ಕಳೆದ ಮೇಲಿನ ಬುಧವಾರ ಸೊಸೆ ಸ್ಟಿಯರಿಂಗಿನ ಹಿಂದೆ ಕೂತಳು. ಪಕ್ಕದಲ್ಲಿ ಮಾವ. ಎಂಟು ವರ್ಷದ ಮೇಲೆ ಅವರ ಕಾಲು ತಮ್ಮ ಹಳೆಯ ಬ್ರೇಕನ್ನು ಮತ್ತೆ ಹುಡುಕಿಕೊಂಡಿತ್ತು. ಹಿಂದೆ ಅತ್ತೆ, ಮಡಿಲಲ್ಲಿ ಕ್ಯಾರಿಯರು. ಮುಂದಿನ ಹಲಗೆಯ ಮೇಲೆ ನೀಲಿ ಹೊದಿಕೆ.

"ಈ ಮೂಲೆ ಮುಚ್ಚು ಅಂದಿದ್ದೆ," ಎಂದರು ಮಾವ.

"ಅದಕ್ಕೂ ಒಂದು ಕಿಟಕಿ ಬಿಟ್ಟೆ ಮಾವ."

ಆ ಪುಟ್ಟ ದುಂಡನೆ ಕಿಟಕಿಯ ಸುತ್ತ ಅವಳು ಕೆಂಪು ದಾರದ ಅಂಚು ಕಟ್ಟಿದ್ದಳು, ಅಂಗಿಯ ಕಾಜಕ್ಕೆ ಕಟ್ಟುವ ಹಾಗೆ. ಮಾವ ಅದನ್ನು ಬೆರಳಿನಿಂದ ಸವರಿ ನೋಡಿದರು. 

ಪೇಟೆ ದಾಟಿತು. ಗುಡ್ಡದ ಏರು ಶುರುವಾಯಿತು. ಅರ್ಧ ಏರಿನಲ್ಲಿ ಮುಂದಿನ ಲಾರಿ ನಿಂತುಬಿಟ್ಟಿತು. ಸೊಸೆ ಬ್ರೇಕು ಒತ್ತಿದಳು. ಹಿಂದೆ ಒಂದು ವ್ಯಾನು ಬಂದು ಮೂತಿ ತಾಗಿಸುವಂತೆ ನಿಂತಿತು. ಮಾವ ಅಭ್ಯಾಸಬಲದಿಂದ ಹ್ಯಾಂಡ್ ಬ್ರೇಕು ಎಳೆದರು. ಕಟ, ಕಟ, ಕಟ, ಕಟ. ಪುಟ್ಟ ಕಿಟಕಿಯಲ್ಲಿ ಕೆಂಪು ದೀಪ ಹತ್ತಿತು.

ಲಾರಿ ಹೊರಟಿತು. ಹಿಂದಿನ ವ್ಯಾನು ಹಾರ್ನು ಬಾರಿಸಿತು.  ಮಾವನ ಕೈ ಸನ್ನೆಯ ಮೇಲೇ ಇತ್ತು, ಹೆಬ್ಬೆರಳು ಗುಂಡಿಯ ಮೇಲೆ. ಪಟ್ಟಿ ಕಟ್ಟಿದ ಬೆರಳು ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲಾಯಿತು. ಇನ್ನೊಮ್ಮೆ ಹಾರ್ನು. ಹಿಂದೆ ಅತ್ತೆ ಎರಡೂ ಕೈಯಲ್ಲಿ ಕ್ಯಾರಿಯರನ್ನು ಅವುಚಿ ಹಿಡಿದಿದ್ದರು, ಅದು ಸದ್ದು ಮಾಡಲಿಲ್ಲ.

"ಹಾರ್ನು ಕೇಳ್ಬೇಡ, ಅವನಿಗೂ ನಾನೇ ಕಲಿಸಿರ್ತೀನಿ," ಎಂದರು ಮಾವ. "ಕ್ಲಚ್ಚು ಅರ್ಧ ಬಿಡು. ಎಂಜಿನ್ನಿನ ದನಿ ಇಳಿಯೋವರೆಗೂ ಕಾಯಿ."

"ಇಳೀತು ಮಾವ. ಬ್ರೇಕ್ ಬಿಡಿ."

ಮಾವ ಸನ್ನೆಯ ಮೇಲಿಂದ ಕೈ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ನೀನೇ ಬಿಡಮ್ಮ. ಅದು ಇನ್ನು ನಿಂದು."

ಸೊಸೆ ಸನ್ನೆ ಹಿಡಿದು, ಒಂಚೂರು ಎತ್ತಿ, ಗುಂಡಿ ಒತ್ತಿದಳು. ಅವರ ಕಾಲು ಪಕ್ಕದ ಬ್ರೇಕಿನ ಮೇಲೆ ಸಿದ್ಧವಾಗಿರುವುದು ಅವಳಿಗೆ ಓರೆಗಣ್ಣಿನಲ್ಲೇ ಕಂಡಿತು; ಒತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದರು. ಟಕ್ ಎಂದು ಸನ್ನೆ ಕೊನೆಯ ಹಲ್ಲಿಗೆ ಇಳಿದು ಕೂತಿತು. ಕೆಂಪು ಅಂಚಿನ ಕಿಟಕಿ ಕಪ್ಪಾಯಿತು. ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರದೆ, ನಿಂತಲ್ಲಿಂದಲೇ ಏರು ಹತ್ತತೊಡಗಿತು.